ಲೋಕಲ್ ಚೈನೀಸ್ ಅಂದ್ರೆ ಯಾವುದು?

ಅಮೆರಿಕದಲ್ಲಿ ಕಾರು ಹತ್ತಿ ದೂರ ಹೊರಟವರ ಬಾಯಲ್ಲಿ ಊಟದ ಹೊತ್ತಿಗೆ ಒಂದು ಮಾತು ಬರುತ್ತದೆ: "ಮುಂದಿನ ಎಕ್ಸಿಟ್‌ನಲ್ಲಿ ಲೋಕಲ್ ಚೈನೀಸ್ ಏನಾದ್ರೂ ಇದೆಯಾ ನೋಡು." ಎಕ್ಸಿಟ್ ಅಂದ್ರೆ ಹೆದ್ದಾರಿಯಿಂದ ಊರ ಕಡೆ ಇಳಿಯುವ ದಾರಿ. ಚೀನಾದ ಯಾವುದೋ ಪ್ರಾಂತ್ಯದ ಅಡುಗೆ ಹುಡುಕುತ್ತಿದ್ದಾರೆ ಅಂತ ಅಂದುಕೊಳ್ಳಬೇಡಿ. ಲೋಕಲ್ ಅನ್ನೋದು ಇಲ್ಲಿ ಹೋಟೆಲಿಗೆ ಸೇರಿದ್ದು. ಪಾಂಡಾ ಎಕ್ಸ್‌ಪ್ರೆಸ್ ಥರದ ಚೈನ್ ಅಲ್ಲ, ಒಂದೇ ಮನೆಯವರು ನಡೆಸುವ, ಆ ಸಣ್ಣ ಊರಿಗೆಲ್ಲ ಇರುವ ಒಂದೋ ಎರಡೋ ಚೈನೀಸ್ ಹೋಟೆಲ್.

ನೋಡಿದ ತಕ್ಷಣ ಗೊತ್ತಾಗುತ್ತದೆ. ಹೆಸರು ಗೋಲ್ಡನ್ ಡ್ರಾಗನ್, ಗ್ರೇಟ್ ವಾಲ್, ಚೈನಾ ಗಾರ್ಡನ್, ಹೀಗೆ ಅಲ್ಲಲ್ಲೇ ಸುತ್ತುತ್ತಿರುತ್ತದೆ. ಪಕ್ಕದಲ್ಲಿ ಲಾಂಡ್ರಿ, ಇಲ್ಲವೇ ಡಾಲರ್ ಅಂಗಡಿ. ಒಳಗೆ ಕೌಂಟರ್ ಮೇಲೆ ಲೈಟ್ ಹಾಕಿದ ಫೋಟೋ ಬೋರ್ಡ್ ಇರುತ್ತದೆ. ಬಿಸಿಲಿಗೋ ಹಳೆಯದಾಗಿಯೋ ಅದರಲ್ಲಿನ ಕೆಂಪೆಲ್ಲ ಹೋಗಿ ಚಿಕನ್ನು ನೀಲಿಗೆ ತಿರುಗಿರುತ್ತದೆ, ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲ್ಲ. ಮೇಜಿನ ಮೇಲೆ ಇಲಿ, ಎತ್ತು, ಹುಲಿ ಅಂತ ಹನ್ನೆರಡು ಪ್ರಾಣಿಗಳ ರಾಶಿಚಕ್ರ ಅಚ್ಚು ಹಾಕಿದ ಕಾಗದ. ಮೂಲೆಯ ಮೇಜಲ್ಲಿ ಮಾಲೀಕರ ಮಗಳು ಹೋಂವರ್ಕ್ ಮಾಡುತ್ತಾ, ಫೋನ್ ಬಂದರೆ ಅವಳೇ ಎತ್ತಿ ಅಚ್ಚ ಅಮೆರಿಕನ್ ಇಂಗ್ಲಿಷ್‌ನಲ್ಲಿ ಆರ್ಡರ್ ಬರೆದುಕೊಳ್ಳುತ್ತಾಳೆ. ನೀವು ತಿಂಡಿಯ ಹೆಸರು ಹೇಳಲು ಒದ್ದಾಡಬೇಕಿಲ್ಲ, ನಂಬರ್ ಹೇಳಿದರೆ ಸಾಕು. ಜನರಲ್ ಸೋಸ್ ಚಿಕನ್ ಅನ್ನುವ, ಸಿಹಿ ಸಾಸ್‌ನಲ್ಲಿ ಹೊರಳಿಸಿದ ಕರಿದ ಕೋಳಿ, ಜೊತೆಗೆ ಫ್ರೈಡ್ ರೈಸ್, ಒಂದು ಎಗ್ ರೋಲ್. ಇದಕ್ಕೆ ಕಾಂಬಿನೇಷನ್ ಪ್ಲೇಟ್ ಅಂತಾರೆ.

ಅಮೆರಿಕದಲ್ಲಿ ಒಟ್ಟು ಚೈನೀಸ್ ಹೋಟೆಲ್‌ಗಳು 40,000ಕ್ಕೂ ಹೆಚ್ಚಿವೆ ಅಂತ ಅಂದಾಜು. ಮೆಕ್‌ಡೊನಾಲ್ಡ್ಸ್‌ಗಿಂತ ಎಷ್ಟೋ ಜಾಸ್ತಿ. ಎರಡು ಸಾವಿರ ಜನ ಇರುವ, ಚೀನಾದವರ ಮನೆ ಅಂತ ಬೇರೆ ಒಂದೂ ಇಲ್ಲದ ಊರಲ್ಲೂ ಇದು ಹೇಗೆ ಬಂತು?

ಉತ್ತರ ಅರ್ಧ ಅಡುಗೆಮನೆಯಲ್ಲಿದೆ, ಅರ್ಧ ಕೋರ್ಟಿನಲ್ಲಿ. 1849ರ ಹೊತ್ತಿನ ಚಿನ್ನದ ಹುಚ್ಚಿಗೆ ಕ್ಯಾಲಿಫೋರ್ನಿಯಾಗೆ ಬಂದವರು, ಆಮೇಲೆ 1869ರಲ್ಲಿ ಮುಗಿದ ಖಂಡ ದಾಟುವ ರೈಲುಹಳಿಗೆ ಬೆವರು ಸುರಿಸಿದವರು, ಹೆಚ್ಚಿನವರು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆಯವರು. ಹಳಿ ಹಾಕಿ ಆಯ್ತಲ್ಲ, ಇನ್ನು ಇವರು ಬೇಡ ಅನ್ನಿಸಿತು. 1882ರಲ್ಲಿ ಚೀನೀ ಕೂಲಿಗಳು ದೇಶದೊಳಗೆ ಬರದಂತೆ ಕಾನೂನೇ ಬಂತು. ಇದ್ದವರಿಗೂ ಕೆಲಸ ಕೊಡುವವರಿಲ್ಲ. ಉಳಿದಿದ್ದು ಬಟ್ಟೆ ಒಗೆಯೋದು, ಅಡುಗೆ ಮಾಡೋದು. ಆದರೆ ಆ ಕಾನೂನಲ್ಲಿ ವ್ಯಾಪಾರಿಗಳಿಗೆ ವಿನಾಯಿತಿ ಇತ್ತು. 1915ರಲ್ಲಿ ಒಂದು ಕೋರ್ಟ್ ತೀರ್ಪು ಹೋಟೆಲ್ ಮಾಲೀಕರನ್ನೂ ವ್ಯಾಪಾರಿ ಅಂತ ಒಪ್ಪಿತು. ಅಲ್ಲಿಂದ ಆಟ ಬದಲಾಯಿತು. ಹೋಟೆಲ್ ಇಟ್ಟರೆ ಚೀನಾಗೆ ಹೋಗಿ ಬರಬಹುದು, ತಮ್ಮವರನ್ನು ಕರೆಸಿಕೊಳ್ಳಬಹುದು. ಅಂದರೆ ಎಷ್ಟೋ ಜನ ಒಲೆ ಹಚ್ಚಿದ್ದು ಅಡುಗೆಯ ಮೇಲಿನ ಪ್ರೀತಿಗಲ್ಲ, ವೀಸಾಗೆ. ಆ ಕಾನೂನು ಹೋಗಿದ್ದು 1943ರಲ್ಲಿ, ಬಾಗಿಲು ನಿಜಕ್ಕೂ ತೆರೆದಿದ್ದು 1965ರಲ್ಲಿ.

1980ರ ನಂತರ ಬಂದವರಲ್ಲಿ ಫುಜಿಯನ್ ಪ್ರಾಂತ್ಯದವರು ತುಂಬಾ ಜನ. ಇವರ ಕಥೆ ನನಗೆ ಇನ್ನೂ ಕುತೂಹಲ. ನ್ಯೂಯಾರ್ಕಿನ ಚೈನಾಟೌನ್‌ನಲ್ಲಿ, ಮ್ಯಾನ್‌ಹ್ಯಾಟನ್ ಸೇತುವೆಯ ಆಸುಪಾಸಲ್ಲಿ, ಹೋಟೆಲ್ ಕೆಲಸ ಕೊಡಿಸುವ ಸಣ್ಣ ಸಣ್ಣ ಏಜೆನ್ಸಿಗಳಿವೆ. ಅಲ್ಲಿ ಚೀಟಿ ಅಂಟಿಸಿರುತ್ತಾರೆ: ಯಾವ ಕೆಲಸ, ಎಷ್ಟು ಸಂಬಳ, ಮತ್ತೆ ಆ ಜಾಗದ ಫೋನ್ ಏರಿಯಾ ಕೋಡ್. ಊರಿನ ಹೆಸರು ಬರೆಯೋದು ಕಮ್ಮಿ. ಕೆಲಸಕ್ಕೆ ಹೋಗುವವನಿಗೆ ಇಂಗ್ಲಿಷ್ ಊರ ಹೆಸರು ಕಟ್ಟಿಕೊಂಡು ಆಗಬೇಕಾದ್ದೇನು, ನ್ಯೂಯಾರ್ಕಿನಿಂದ ಎಷ್ಟು ಗಂಟೆ ದಾರಿ ಅನ್ನೋದು ಗೊತ್ತಾದರೆ ಆಯ್ತು. ಬಸ್ಸು ಹತ್ತಿ ಒಹಾಯೋಗೋ ಜಾರ್ಜಿಯಾಗೋ ಹೋಗಿ ಇಳಿಯುತ್ತಾನೆ. ಕೆಲವು ವರ್ಷ ದುಡಿದು ದುಡ್ಡು ಕೂಡಿಸಿ ತನ್ನದೇ ಹೋಟೆಲ್ ಇಡುವಾಗ, ಇನ್ನೊಬ್ಬ ಚೈನೀಸ್‌ನವನು ಇಲ್ಲದ ಊರನ್ನೇ ಹುಡುಕುತ್ತಾನೆ. ಹೆದ್ದಾರಿಯ ಎಕ್ಸಿಟ್ ಎಕ್ಸಿಟ್‌ಗೂ ಒಂದೊಂದು ಸಿಗುವುದು ಇದರಿಂದಲೇ.

ಈಗ ರುಚಿಯ ವಿಷಯ. "ಇದು ಅಸಲಿ ಚೈನೀಸ್ ಅಲ್ಲ" ಅಂತ ಮೂಗು ಮುರಿಯುವವರು ಪ್ರತಿ ಕಾರಿನಲ್ಲೂ ಒಬ್ಬರಾದರೂ ಇರ್ತಾರೆ, ಅಲ್ವಾ? ಅಸಲಿ ಅಲ್ಲ, ಅದು ನಿಜ. ಜನರಲ್ ಸೋಸ್ ಚಿಕನ್ ತಗೊಳ್ಳಿ. ಹೆಸರಿನಲ್ಲಿರುವ ಆ ಜನರಲ್, ಅಂದರೆ 1885ರಲ್ಲಿ ತೀರಿಕೊಂಡ ಚೀನಾದ ಹುನಾನಿನ ಸೇನಾಪತಿ ಜುವೋ ಜೊಂಗ್‌ಟಾಂಗ್, ಇದನ್ನು ಕಂಡೇ ಇಲ್ಲ. ಪೆಂಗ್ ಚಾಂಗ್-ಕ್ವೇ ಅನ್ನುವ ಅಡುಗೆಯವರು 1950ರ ದಶಕದಲ್ಲಿ ತೈವಾನ್‌ನಲ್ಲಿ ಮಾಡಿ ಆ ಹೆಸರಿಟ್ಟರು. ಅವರ ಮೂಲ ಅಡುಗೆಯಲ್ಲಿ ಸಕ್ಕರೆ ಇರಲಿಲ್ಲ. ಸಿಹಿ ಸೇರಿದ್ದು ಅಮೆರಿಕಕ್ಕೆ ಬಂದ ಮೇಲೆ. ಆದರೆ ಇದನ್ನು ನಕಲಿ ಅನ್ನೋದು ತಪ್ಪು. ನೂರೈವತ್ತು ವರ್ಷಕ್ಕಿಂತ ಹೆಚ್ಚಿನ ಬೇರಿರುವ ಅಡುಗೆ ಇದು, ಇದಕ್ಕೆ ಇದರದ್ದೇ ಅಳತೆ ಇದೆ. ಮೇಲಿನ ಹಿಟ್ಟು ಸಾಸ್ ಬಿದ್ದರೂ ಗರಿಗರಿ ಇದೆಯಾ, ಬ್ರೊಕೋಲಿ ಹಸಿರಾಗಿಯೇ ಇದೆಯಾ, ಫ್ರೈಡ್ ರೈಸಿಗೆ ಬಾಣಲೆಯ ಹೊಗೆಯ ಘಮ ಹತ್ತಿದೆಯಾ. ಇಷ್ಟು ನೋಡಿ ಸಾಕು.

ಅದಕ್ಕಿಂತ ಮಜಾ ಇರೋದು ಊರೂರಿಗೆ ಬೇರೆಯಾಗುವ ತಿಂಡಿಗಳಲ್ಲಿ. ಇಲ್ಲಿ ಲೋಕಲ್ ಅನ್ನುವ ಮಾತು ಅಡುಗೆಗೂ ಸಲ್ಲುತ್ತದೆ. ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಡೇವಿಡ್ ಲಿಯಾಂಗ್ ಅನ್ನುವವರು 1963ರಲ್ಲಿ ಹೋಟೆಲ್ ತೆರೆದರು. ಆ ಕಡೆಯವರಿಗೆ ಕರಿದ ಕೋಳಿ ಅಂದ್ರೆ ಪ್ರಾಣ. ಇವರು ಕೋಳಿ ತುಂಡನ್ನು ಅವರ ಥರವೇ ಕರಿದು, ಮೇಲೆ ಆಯ್ಸ್ಟರ್ ಸಾಸ್ ಹಾಕಿದ ಗ್ರೇವಿ ಸುರಿದು, ಗೋಡಂಬಿ, ಈರುಳ್ಳಿ ಸೊಪ್ಪು ಉದುರಿಸಿದರು. ಈಗ ಆ ಊರಿನ ಗುರುತೇ ಅದು, ಸ್ಪ್ರಿಂಗ್‌ಫೀಲ್ಡ್ ಕ್ಯಾಶ್ಯೂ ಚಿಕನ್ ಅಂತಾನೇ ಹೆಸರು. ಅದೇ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ ಎಗ್ ಫೂ ಯಂಗ್ ಅನ್ನುವ ದಪ್ಪ ಆಮ್ಲೆಟ್ಟನ್ನು ಬಿಳಿ ಬ್ರೆಡ್ಡಿನ ಮಧ್ಯೆ ಇಟ್ಟು, ಉಪ್ಪಿನಲ್ಲಿಟ್ಟ ಸೌತೆಕಾಯಿ, ಮೇಯನೇಸ್ ಸೇರಿಸಿ ಕೊಡುತ್ತಾರೆ. ಹೆಸರು ಸೇಂಟ್ ಪಾಲ್ ಸ್ಯಾಂಡ್‌ವಿಚ್. ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್ ಹಳೆಯ ಬಟ್ಟೆ ಗಿರಣಿ ಊರು. ಅಲ್ಲಿ ಬನ್ನಿನೊಳಗೆ ಗರಿಗರಿ ನೂಡಲ್ಸ್, ಅದರ ಮೇಲೆ ಕಂದು ಗ್ರೇವಿ ಹಾಕಿ ಚೌ ಮೇನ್ ಸ್ಯಾಂಡ್‌ವಿಚ್ ಮಾಡುತ್ತಾರೆ. "ಸ್ಟ್ರೇನ್ಡ್" ಅಂದರೆ ತರಕಾರಿ ಸೋಸಿ ಕೊಡುತ್ತಾರೆ. ಕೈಯಲ್ಲಿ ಹಿಡಿದು ತಿನ್ನೋಣ ಅಂದರೆ ಆಗಲ್ಲ, ಗ್ರೇವಿಯೆಲ್ಲ ತಟ್ಟೆಗೆ ಇಳಿದು ಕೊನೆಗೆ ಫೋರ್ಕ್ ಬೇಕೇ ಬೇಕು. ಈ ಮೂರೂ ಚೀನಾದಲ್ಲಿ ಸಿಗಲ್ಲ. ಅಮೆರಿಕದಲ್ಲೂ ಆ ಕಡೆ ಬಿಟ್ಟರೆ ಸಿಗೋದು ಅಪರೂಪ.

ಹಳೆಯದನ್ನೇ ನೋಡಬೇಕು ಅನ್ನುವವರಿಗೆ ಮೊಂಟಾನಾದ ಬ್ಯೂಟ್ ಇದೆ. ತಾಮ್ರದ ಗಣಿಯ ಊರು. ಅಲ್ಲಿನ ಪೆಕಿನ್ ನೂಡಲ್ ಪಾರ್ಲರ್ 1911ರಿಂದ ಒಂದೇ ಕಟ್ಟಡದ ಮಹಡಿ ಮೇಲೆ ನಡೆಯುತ್ತಿದೆ. ಪ್ರತಿ ಮೇಜಿಗೂ ಬೇರೆ ಬೇರೆ ಗೂಡು, ಬಾಗಿಲಿಗೆ ಪರದೆ. ದೇಶದಲ್ಲಿ ನಿಲ್ಲದೆ ನಡೆದುಬಂದಿರುವ ಚೈನೀಸ್ ಹೋಟೆಲ್‌ಗಳಲ್ಲಿ ಇದೇ ಅತಿ ಹಳೆಯದು ಅನ್ನುತ್ತಾರೆ. 2023ರಲ್ಲಿ ಅಮೆರಿಕದ ಅಡುಗೆ ಲೋಕದ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿಯೂ ಬಂತು.

ದಾರಿಯಲ್ಲಿ ನಿಲ್ಲಿಸುವವರಿಗೆ ಒಂದೆರಡು ವಿಷಯ. ಬಫೆ ಇಟ್ಟವರನ್ನು ನಾನು ಲೋಕಲ್ ಚೈನೀಸ್ ಲೆಕ್ಕಕ್ಕೆ ಸೇರಿಸಲ್ಲ. ಮಧ್ಯಾಹ್ನ ಮೂರು ಗಂಟೆಗೆ ದೀಪದ ಕೆಳಗೆ ಒಣಗುತ್ತಿರುವ ನೂಡಲ್ಸ್ ನೋಡಿದರೆ ನೀವೂ ಸೇರಿಸಲ್ಲ. ಕೌಂಟರಿನಲ್ಲಿ "ಊರಿನವರು ಜಾಸ್ತಿ ಏನು ತಗೋತಾರೆ" ಅಂತ ಕೇಳಿ, ಅದನ್ನೇ ಹೇಳಿ. ಮಾಂಸ ತಿನ್ನದವರು ಮೆನುವಿನ "ವೆಜಿಟಬಲ್" ಪದ ನಂಬಿ ಕೂರಬೇಡಿ. ಸಾಸಿನಲ್ಲಿ ಆಯ್ಸ್ಟರ್, ಕೋಳಿ ಸಾರು ಇರಬಹುದು, ರೈಸಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ ಅಂತಲೇ ಇಟ್ಟುಕೊಳ್ಳಿ. ಕೇಳಿದರೆ ಬೇರೆ ಮಾಡಿಕೊಡುತ್ತಾರೆ. ವಾರದಲ್ಲಿ ಒಂದು ದಿನ, ಹೆಚ್ಚಾಗಿ ಸೋಮವಾರ ಇಲ್ಲವೇ ಮಂಗಳವಾರ, ಬಾಗಿಲು ಹಾಕಿರಬಹುದು. ಆದರೆ ಊರೆಲ್ಲ ಮುಚ್ಚಿರುವ ಕ್ರಿಸ್‌ಮಸ್ ದಿನ ತೆರೆದಿರುವ ಸಾಧ್ಯತೆ ಜಾಸ್ತಿ. ಇನ್ನು ಎಂಎಸ್‌ಜಿ, ಅಂದರೆ ರುಚಿಗೆ ಹಾಕುವ ಅಜಿನೊಮೊಟೊ, ತಿಂದರೆ ತಲೆನೋವು ಅನ್ನುವ ಸುದ್ದಿ ಶುರುವಾಗಿದ್ದು 1968ರಲ್ಲಿ ಒಂದು ವೈದ್ಯಕೀಯ ಪತ್ರಿಕೆಗೆ ಬಂದ ಪತ್ರದಿಂದ. ಆಮೇಲೆ ಪರೀಕ್ಷೆ ಮಾಡಿದಾಗ ಅದು ಸರಿಯಾಗಿ ಸಾಬೀತಾಗಲೇ ಇಲ್ಲ, ಸುಮ್ನೆ ಹೆದರಬೇಡಿ.

ಬಿಲ್ಲಿನ ಜೊತೆ ಫಾರ್ಚೂನ್ ಕುಕಿ ಬರುತ್ತದೆ, ಒಳಗೆ ಭವಿಷ್ಯದ ಮಾತು, ಅದೃಷ್ಟದ ನಂಬರ್ ಬರೆದ ಚೀಟಿ ಇಟ್ಟ ಗರಿಗರಿ ಬಿಸ್ಕತ್ತು. ಅದರ ಮೂಲ ಚೀನಾ ಅಲ್ಲ, ಜಪಾನ್. ಈ ಸಾವಿರಾರು ಹೋಟೆಲ್‌ಗಳು ಬೇರೆ ಬೇರೆ ಮನೆಯವರದ್ದಾದರೂ ಕುಕಿ, ಸಾಸ್ ಪೊಟ್ಟಣ, ಡಬ್ಬಿ ಎಲ್ಲ ಬರುವುದು ಕೆಲವೇ ಕಡೆಯಿಂದ. ಅದು ದೇಶಕ್ಕೆಲ್ಲ ಗೊತ್ತಾಗಿದ್ದು 2005ರ ಮಾರ್ಚ್ 30ರ ಪವರ್‌ಬಾಲ್ ಲಾಟರಿಯಲ್ಲಿ. ನಾಲ್ಕೋ ಐದೋ ಜನಕ್ಕೆ ಬರಬೇಕಿದ್ದ ಎರಡನೇ ಬಹುಮಾನ 110 ಜನಕ್ಕೆ ಬಂತು. ಮೋಸ ಆಗಿದೆ ಅಂತ ಅಧಿಕಾರಿಗಳು ಗಾಬರಿಬಿದ್ದು ವಿಚಾರಿಸಿದರೆ, ಗೆದ್ದವರು ಒಬ್ಬೊಬ್ಬರಾಗಿ ಅದೇ ಮಾತು ಹೇಳತೊಡಗಿದರು: ನಂಬರ್ ಸಿಕ್ಕಿದ್ದು ಕುಕಿಯೊಳಗಿನ ಚೀಟಿಯಲ್ಲಿ. ಬೇರೆ ಬೇರೆ ರಾಜ್ಯ, ಬೇರೆ ಬೇರೆ ಹೋಟೆಲ್. ಚೀಟಿ ಅಚ್ಚಾಗಿದ್ದು ಮಾತ್ರ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ವಾಂಟನ್ ಫುಡ್ ಕಾರ್ಖಾನೆಯಲ್ಲಿ. ಆರನೇ ನಂಬರ್ ಚೀಟಿಯಲ್ಲಿ 40 ಇತ್ತು, ಲಾಟರಿಯಲ್ಲಿ ಬಂದಿದ್ದು 42. ಅದೂ ಸರಿಹೋಗಿದ್ದರೆ ಜಾಕ್‌ಪಾಟ್ ಅವರೆಲ್ಲರ ಮಧ್ಯೆ ಹಂಚಿಹೋಗುತ್ತಿತ್ತು.