ಒಂದೂವರೆ ಲಕ್ಷ ಕೊಟ್ಟು ಮಕ್ಕಳಿಗೆ ಪ್ರವಾಸ ಮಾಡಿಸಬೇಕೆ?

ಪ್ರಶ್ನೆ: ನಾವು ಮಂಡ್ಯದವರು. ಮಗಳಿಗೆ ಹತ್ತು ವರ್ಷ, ಮಗನಿಗೆ ಮೂರು. ಅತ್ತೆಯವರೂ ನಮ್ಮೊಂದಿಗೇ ಇದ್ದಾರೆ. ಈ ಬೇಸಿಗೆ ರಜೆಗೆ ಕಾಶ್ಮೀರಕ್ಕೆ ಹೋಗೋಣ ಎಂಬುದು ಯಜಮಾನರ ಆಸೆ. ಒಂದೂವರೆ ಲಕ್ಷ ಬೇಕು, ಕೈಯಲ್ಲಿರುವುದು ನಲವತ್ತು ಸಾವಿರ. ಉಳಿದದ್ದಕ್ಕೆ ಸಾಲ ಮಾಡಬಹುದೇ? ಒಂದು ವಾರದ ಸುತ್ತಾಟಕ್ಕೆ ಅಷ್ಟು ಖರ್ಚು ಮಾಡುವುದರಲ್ಲಿ ಅರ್ಥವಿದೆಯೇ?

ಉತ್ತರ: ಇದು ಒಬ್ಬರ ಪ್ರಶ್ನೆಯಲ್ಲ. ಪರೀಕ್ಷೆ ಮುಗಿಯುವ ಹೊತ್ತಿಗೆ ಹಲವರು ಕೇಳುವುದನ್ನು ಒಟ್ಟುಗೂಡಿಸಿ ಒಂದು ಮನೆಯ ಪ್ರಶ್ನೆಯಾಗಿ ಬರೆದಿದ್ದೇನೆ. ಊರು ಬದಲಾಗುತ್ತದೆ, ಮೊತ್ತ ಬದಲಾಗುತ್ತದೆ, ಸಂಕಟ ಮಾತ್ರ ಒಂದೇ.

ಸಾಲ ಮಾಡಬೇಡಿ. ಖರ್ಚು ಮಾಡಿ, ಆದರೆ ಈಗ ನೀವು ಎಣಿಸಿರುವ ಬಾಬತ್ತುಗಳಿಗಲ್ಲ.

ಮೊದಲು ಸಾಲದ ಲೆಕ್ಕ ಮುಗಿಸಿಬಿಡೋಣ. 1,10,000 ರೂಪಾಯಿಯನ್ನು ವರ್ಷಕ್ಕೆ ಶೇ. 15ರ ಬಡ್ಡಿಯಲ್ಲಿ ಎರಡು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 5,334 ರೂಪಾಯಿ. ಬಡ್ಡಿಯೇ 18,000 ರೂಪಾಯಿ ದಾಟುತ್ತದೆ. ಬಡ್ಡಿಗಿಂತಲೂ ನನ್ನನ್ನು ಕಾಡುವುದು ಬೇರೆ ಸಂಗತಿ. ಈ ಸಾಲ ತೀರುವುದರೊಳಗೆ ಮುಂದಿನ ಬೇಸಿಗೆ ರಜೆ ಬಂದು ಹೋಗಿರುತ್ತದೆ, ಆ ವರ್ಷ ಮಕ್ಕಳಿಗೆ ಎಲ್ಲಿಗೂ ಇಲ್ಲ. ಹೋಗಿಬಂದ ಪ್ರವಾಸದ ನೆನಪು ತಿಂಗಳಿಗೊಮ್ಮೆ ಕಂತಿನ ರೂಪದಲ್ಲಿ ಬಂದು ಬಾಗಿಲು ತಟ್ಟುತ್ತದೆ. ಕಬ್ಬಿನ ಬಿಲ್ಲು ಬಂದಾಗ ತೀರಿಸಿದರಾಯಿತು ಎಂದು ಲೆಕ್ಕ ಹಾಕುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಬಿಲ್ಲಿಗೆ ತಿಂಗಳು, ವಾರ ಗೊತ್ತಿಲ್ಲ. ಕಂತಿಗೆ ತಾರೀಖು ಗೊತ್ತಿದೆ. ಕ್ರೆಡಿಟ್ ಕಾರ್ಡಿನ ಮಾತಂತೂ ಬೇಡವೇ ಬೇಡ. ತಿಂಗಳಿಗೆ ಶೇ. 3.5 ಎಂದರೆ ವರ್ಷಕ್ಕೆ ಶೇ. 42.

ಅದೇ 5,334 ರೂಪಾಯಿಯನ್ನು ತಿಂಗಳು ತಿಂಗಳು ಆರ್‌.ಡಿ.ಗೋ, ನಂಬಿಕೆಯ ಸಂಘಕ್ಕೋ ಕಟ್ಟಿದರೆ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದೆಯೂ 21 ತಿಂಗಳಲ್ಲಿ 1,12,014 ರೂಪಾಯಿ ಕೂಡುತ್ತದೆ. ಆ ಹೊತ್ತಿಗೆ ನಿಮ್ಮ ಮಗನಿಗೆ ಐದು ವರ್ಷ ಸಮೀಪಿಸಿರುತ್ತದೆ. ಇದು ಸಣ್ಣ ವಿಷಯವಲ್ಲ. ಮೂರು, ಮೂರೂವರೆ ವರ್ಷಕ್ಕಿಂತ ಮೊದಲು ನಡೆದದ್ದು ದೊಡ್ಡವರಾದ ಮೇಲೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಮನಶ್ಶಾಸ್ತ್ರ ಒಪ್ಪಿಕೊಂಡಿರುವ ಮಾತಿದು. ಈಗ ಹೋದರೆ ದಾಲ್ ಸರೋವರ ಮಗನ ಪಾಲಿಗೆ ಮುಂದೆ ಒಂದು ಫೋಟೋ ಮಾತ್ರ.

ಇಷ್ಟು ಹೇಳಿ, ಹತ್ತಿರದಲ್ಲೇ ಎಲ್ಲವೂ ಇದೆ, ದೂರ ಯಾಕೆ ಹೋಗಬೇಕು ಎಂದು ಉಪದೇಶ ಮಾಡುವ ಜಾತಿ ನನ್ನದಲ್ಲ. ಹಿಮ ಮಂಡ್ಯದಲ್ಲಿ ಬೀಳುವುದಿಲ್ಲ. ಹತ್ತು ವರ್ಷದ ಹುಡುಗಿ ಅದನ್ನು ಅಂಗೈಯಲ್ಲಿ ಹಿಡಿದು ಕರಗುವುದನ್ನು ನೋಡಬೇಕೆಂದರೆ ದೂರ ಹೋಗಲೇಬೇಕು. ಆ ಆಸೆ ದೊಡ್ಡದು, ನ್ಯಾಯವಾದದ್ದು.

ಹಿಂದೆ ಈ ಪ್ರಶ್ನೆಯನ್ನೇ ಯಾರೂ ಕೇಳುತ್ತಿರಲಿಲ್ಲ. ರಜೆ ಎಂದರೆ ಅಜ್ಜಿ ಮನೆ. ಏಪ್ರಿಲ್ 10ಕ್ಕೆ ಪಾಸೋ ಫೇಲೋ ಗೊತ್ತಾದರೆ ಮರುದಿನ ಬೆಳಿಗ್ಗೆ ಮೈಸೂರಿನಿಂದ ಮದ್ದೂರಿನ ಬಸ್ಸು. ಅಲ್ಲಿ ನಾಲೆಯ ನೀರು, ಕಬ್ಬಿನ ಗದ್ದೆ, ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಆಗತಾನೆ ಇಳಿಸಿದ ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿ ಕೊಡುತ್ತಿದ್ದರು, ಊದಿ ಊದಿ ತಿನ್ನಬೇಕು. ಆರು ವಾರದ ರಜೆಗೆ ಆಗುತ್ತಿದ್ದ ಖರ್ಚು ಬಸ್ ಚಾರ್ಜು. ಈಗ ಆ ಮನೆಗೆ ಬೀಗ ಬಿದ್ದಿದೆ, ಅಜ್ಜಿಯರು ನಮ್ಮ ಜೊತೆ ಪಟ್ಟಣದ ಎರಡು ಕೋಣೆಯ ಮನೆಗೆ ಬಂದಿದ್ದಾರೆ. ನೀವು ಒಂದೂವರೆ ಲಕ್ಷ ಕೊಟ್ಟು ಕೊಳ್ಳಲು ಹೊರಟಿರುವುದು ಬರೀ ಕಾಶ್ಮೀರವನ್ನಲ್ಲ. ಯಾರಿಗೂ ಅವಸರವಿಲ್ಲದ ಆ ದಿನಗಳನ್ನೂ ಕೊಳ್ಳಲು ಹೊರಟಿದ್ದೀರಿ. ಟಿಕೆಟ್ಟಿನ ಜೊತೆ ಅವು ತಾವಾಗಿ ಬರುವುದಿಲ್ಲ ಎಂಬುದನ್ನು ನಾನು ಅನುಭವಿಸಿ ಕಲಿತೆ.

ನನ್ನ ಮಗಳಿಗೆ ಆಗ ಆರು ವರ್ಷ. ಫೆಬ್ರುವರಿಯ ಒಂದು ಭಾನುವಾರ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆವು. ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಅಲ್ಲಿ ಕಾಡಿನೊಳಗಲ್ಲ, ಊರೊಳಗೇ, ಮನೆಗಳ ತಲೆಯ ಮೇಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಒಂದು ಹುಣಸೆ ಮರದ ಕೆಳಗೆ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದವಳ ಮುಂದೆ ಥಪ್ಪೆಂದು ಒಂದು ಮೀನು ಬಿತ್ತು. ಗೂಡಿನಲ್ಲಿ ಮರಿಯ ಬಾಯಿ ತಪ್ಪಿದ್ದು. ಇನ್ನೂ ಒದ್ದೆಯಾಗಿತ್ತು, ಬಾಲದ ಕಡೆ ಅರ್ಧ ಕರಗಿತ್ತು, ಕೆಸರಿನ ನಾತ. ಇವಳು ಹೆದರಿ ನನ್ನ ಸೀರೆ ಹಿಡಿದಳು. ಆ ಮನೆಯ ಹೆಂಗಸು ಜಗಲಿಯಿಂದ ಇಳಿದು ಬಂದು ಸಗಣಿ ಬಳಿದಂತೆ ಸಲೀಸಾಗಿ ಅದನ್ನು ಒಂದು ಎಲೆಯಲ್ಲಿ ಎತ್ತಿ ಆಚೆ ಹಾಕಿ, "ಬಾಣಂತನಕ್ಕೆ ಬಂದಿರುವ ಹೆಣ್ಣುಮಕ್ಕಳು, ಚೆಲ್ಲುತ್ತವೆ, ಬಾಚುತ್ತೇವೆ" ಎಂದರು. ಆ ಊರಿನವರು ಹಕ್ಕಿಗಳನ್ನು ತವರಿಗೆ ಬಂದ ಮಗಳೆಂದೇ ಕರೆಯುವುದು. ಮಗಳಿಗೆ ಈಗ ಹತ್ತೊಂಬತ್ತು ವರ್ಷ. ಆ ಮೀನಿನ ನಾತವನ್ನು, ಆ ಮಾತನ್ನು ಇಂದಿಗೂ ಹೇಳುತ್ತಾಳೆ.

ಎರಡು ವರ್ಷದ ನಂತರ ನಮ್ಮ ಪಾಲಿಗೆ ದೊಡ್ಡದೆನಿಸುವಷ್ಟು ಹಣ ಕೊಟ್ಟು ಕೇರಳಕ್ಕೆ ಹೋದೆವು. ಮೂರು ದಿನದಲ್ಲಿ ಒಂಬತ್ತು ಜಾಗ. ಬೆಳಿಗ್ಗೆ ಐದಕ್ಕೇ ಎಬ್ಬಿಸುತ್ತಿದ್ದೆ. ಅದರ ಬಗ್ಗೆ ಕೇಳಿದರೆ ಅವಳು ಹೇಳುವುದು ಒಂದೇ: "ನೀವು ಬೇಗ ಬೇಗ ಎನ್ನುತ್ತಿದ್ದಿರಿ."

ಇದಕ್ಕೊಂದು ವಿವರಣೆ ಇದೆ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಸಂಗಡಿಗರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರು ಒಂದು ಸಲ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಟ್ಟರು. ಇನ್ನೊಂದು ಸಲ ಅದೇ 60 ಸೆಕೆಂಡ್, ಜೊತೆಗೆ ಇನ್ನೂ 30 ಸೆಕೆಂಡ್. ಆ ಕೊನೆಯ 30 ಸೆಕೆಂಡಿನಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತಿತ್ತು. ಮತ್ತೆ ಮಾಡುವುದಾದರೆ ಯಾವುದು ಎಂದು ಕೇಳಿದಾಗ ಹೆಚ್ಚಿನವರು ಎರಡನೆಯದನ್ನೇ ಆರಿಸಿಕೊಂಡರು. ಹಿಂಸೆಯ ಹೊತ್ತು ಹೆಚ್ಚಾಗಿದ್ದರೂ ಕೊನೆ ಸ್ವಲ್ಪ ಹಿತವಾಗಿತ್ತು, ಅಷ್ಟೇ. ನೆನೆಯುವ ಮನಸ್ಸು ಗಂಟೆಗಳನ್ನು ಎಣಿಸುವುದಿಲ್ಲ. ಅತಿ ತೀವ್ರವಾದ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಗಂಟು ಕಟ್ಟಿ ಇಟ್ಟುಕೊಳ್ಳುತ್ತದೆ.

ನಮ್ಮ ಕಡೆಯವರ ಊಟಿ ಪ್ರವಾಸವನ್ನು ನೋಡಿ. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕೊನೆಯ ದಿನವೂ ಇನ್ನೊಂದು ಜಾಗ ನೋಡಿಬಿಡೋಣ ಎಂದು ತಡಮಾಡಿ, ಗೇಟು ಮುಚ್ಚುವ ಮೊದಲು ತಲುಪಬೇಕೆಂಬ ಆತುರದಲ್ಲಿ ಘಾಟಿಯ ತಿರುವುಗಳಲ್ಲಿ ಗಾಡಿ ಓಡಿಸಿ, ಹಿಂದಿನ ಸೀಟಿನಲ್ಲಿ ಮಕ್ಕಳು ವಾಂತಿ, ಮುಂದಿನ ಸೀಟಿನಲ್ಲಿ ಗಂಡಹೆಂಡತಿಯ ಜಗಳ. ಎರಡು ದಿನದ ಹೂದೋಟ, ಸರೋವರ ಎಲ್ಲವನ್ನೂ ಆ ಎರಡು ಗಂಟೆ ನುಂಗಿಹಾಕುತ್ತದೆ. ಮಧ್ಯಾಹ್ನ ಊಟವಾದ ಕೂಡಲೇ ಹೊರಡಿ. ಬಂಡೀಪುರ ದಾಟಿ ಗುಂಡ್ಲುಪೇಟೆಯಲ್ಲಿ ಬಿಸಿಲಿರುವಾಗಲೇ ಕಾಫಿ ಕುಡಿಯಿರಿ. ಇದಕ್ಕೆ ಒಂದು ರೂಪಾಯಿಯೂ ಹೆಚ್ಚಿಗೆ ಬೇಡ.

ಪ್ರವಾಸಕ್ಕಿಂತ ವಸ್ತು ಕೊಳ್ಳುವುದು ಮೇಲಲ್ಲವೇ ಎಂದು ಕೆಲವರು ಕೇಳುತ್ತಾರೆ. ವಸ್ತುವಿಗಿಂತ ಅನುಭವಕ್ಕೆ ಮಾಡಿದ ಖರ್ಚು ಜನರಿಗೆ ಹೆಚ್ಚು ಸಂತೋಷ ಕೊಟ್ಟಿದೆ ಎಂದು ಅಮೆರಿಕದ ಲೀಫ್ ವ್ಯಾನ್ ಬೋವೆನ್ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ತೋರಿಸಿದರು. ಇದನ್ನು ಪ್ರವಾಸ ಮಾರುವವರು ಬಹಳ ಇಷ್ಟಪಟ್ಟು ಹೇಳುತ್ತಾರೆ. ಕೈ ಬಿಗಿಯಿರುವ ಮನೆಗಳಲ್ಲಿ ಈ ಮಾತು ಅಷ್ಟಾಗಿ ನಿಲ್ಲುವುದಿಲ್ಲ ಎಂದು 2018ರ ಅಧ್ಯಯನವೊಂದು ಹೇಳಿದ್ದನ್ನು ಅವರು ಹೇಳುವುದಿಲ್ಲ. ಫ್ರಿಡ್ಜ್ ಕೆಟ್ಟು ಕುಳಿತಿದ್ದರೆ ಮೊದಲು ಫ್ರಿಡ್ಜ್ ತನ್ನಿ. ಅದೂ ಸಂತೋಷವೇ.

ಹಾಗಾದರೆ ದುಡ್ಡು ಎಲ್ಲಿ ಖರ್ಚಾಗಬೇಕು? ನನ್ನ ಮಟ್ಟಿಗೆ ಮೊದಲನೆಯದು, ಮನೆಯ ಹೆಂಗಸಿನ ಬಿಡುವಿಗೆ. ಇದನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ. ಹೊರಡುವ ಹಿಂದಿನ ರಾತ್ರಿ ಹನ್ನೊಂದರವರೆಗೆ ಚಪಾತಿ ಬೇಯಿಸಿ, ಪುಳಿಯೋಗರೆ ಗೊಜ್ಜು ಕಟ್ಟಿ, ಐದು ಜನರ ಬಟ್ಟೆ ಜೋಡಿಸಿ, ಅಲ್ಲಿ ಹೋದಮೇಲೂ ಮಗುವಿಗೆ ಗಂಜಿ ಎಲ್ಲಿ ಸಿಗುತ್ತದೆ ಎಂದು ಹುಡುಕಿ, ಬಂದ ಮರುದಿನ ಮೂರು ಬಕೆಟ್ ಬಟ್ಟೆ ಒಗೆಯುವವಳಿಗೆ ಅದು ರಜೆಯಲ್ಲ, ಜಾಗ ಬದಲಾದ ಅಡುಗೆಮನೆ. ದೂರವನ್ನು ಅರ್ಧ ಮಾಡಿ, ಆ ಉಳಿತಾಯದಲ್ಲಿ ಹೊರಡುವ ದಿನದ ತಿಂಡಿಯಿಂದ ಬಂದ ದಿನದ ರಾತ್ರಿ ಊಟದವರೆಗೆ ಎಲ್ಲವನ್ನೂ ಹೋಟೆಲಿನಲ್ಲಿ ಮಾಡಿ. ತಾಯಿ ಹಗುರಾಗಿದ್ದರೆ ಇಡೀ ಪ್ರವಾಸದ ದನಿಯೇ ಬದಲಾಗುತ್ತದೆ. ಕೇರಳದಲ್ಲಿ ನನ್ನ ಬಾಯಲ್ಲಿ ಬಂದ "ಬೇಗ ಬೇಗ" ಅರ್ಧ ದಣಿವಿನದೇ ಆಗಿತ್ತು.

ಎರಡನೆಯದು, ಹೋಗಿಬಂದ ಮೇಲೆ ಒಂದು ದಿನ ಹೆಚ್ಚಿನ ರಜೆ. ಒಂದು ದಿನದ ಸಂಬಳ ಹೋದರೂ ಸರಿ. ಭಾನುವಾರ ಮಧ್ಯರಾತ್ರಿ ಮನೆ ಸೇರಿ ಸೋಮವಾರ ಎಂಟಕ್ಕೆ ಬಸ್ ಹಿಡಿಯುವ ಪ್ರವಾಸಕ್ಕೆ ಒಳ್ಳೆಯ ಕೊನೆ ಎಲ್ಲಿಂದ ಬರಬೇಕು?

ಕಾಯುವ ಸುಖವಂತೂ ಬಿಟ್ಟಿ. 1,530 ಡಚ್ಚರನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರವಾಸಕ್ಕೆ ಹೊರಡಲಿರುವವರು ಹೋಗದವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಹೋಗಿಬಂದ ಮೇಲೆ, ಬಹಳ ನಿರಾಳವಾಗಿ ಕಳೆದವರ ಹೊರತು ಉಳಿದವರಲ್ಲಿ ಆ ವ್ಯತ್ಯಾಸವೇ ಕಾಣಲಿಲ್ಲ. ಈಗ ರೈಲು ಟಿಕೆಟ್ಟನ್ನು 60 ದಿನ ಮೊದಲು ಕಾಯ್ದಿರಿಸಬಹುದು. ಕಾಯ್ದಿರಿಸಿದ ದಿನವೇ ಮಗಳ ಕೈಗೆ ಒಂದು ನಕಾಶೆ ಕೊಡಿ, ಒಂದು ದಿನವನ್ನು ಪೂರ್ತಿ ಅವಳೇ ಯೋಜಿಸಲಿ. ಮನೆಯಲ್ಲಿ ಎರಡು ತಿಂಗಳು ಪ್ರವಾಸದ್ದೇ ಮಾತು ನಡೆಯುತ್ತದೆ.

ಯಜಮಾನರು ಕೇಂದ್ರ ಸರ್ಕಾರದ ನೌಕರರಾಗಿದ್ದರೆ, ಇಲ್ಲವೇ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂಥ ಕಡೆ ಇದ್ದರೆ, ನಾಲ್ಕು ವರ್ಷದ ಅವಧಿಯ ಎಲ್‌ಟಿಸಿ, ಅಂದರೆ ರಜೆಯ ಪ್ರವಾಸಕ್ಕೆ ಪ್ರಯಾಣದ ವೆಚ್ಚ ಕೊಡುವ ಸೌಲಭ್ಯ ಬಾಕಿ ಇದೆಯೇ ನೋಡಿ, ನನ್ನ ಉತ್ತರವೂ ಬದಲಾಗುತ್ತದೆ. ಖಾಸಗಿ ನೌಕರರ ಪ್ರವಾಸ ಭತ್ಯೆಗೆ ತೆರಿಗೆ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ ಪ್ರಯಾಣದ ವೆಚ್ಚಕ್ಕಷ್ಟೇ. ಹೋಟೆಲ್ ಬಿಲ್ಲು ಸೇರುವುದಿಲ್ಲ.

ನಿಮ್ಮ ಕೈಯಲ್ಲಿರುವ ನಲವತ್ತು ಸಾವಿರಕ್ಕೆ ಬರುತ್ತೇನೆ. ಈ ಬೇಸಿಗೆಗೆ ಅದರಲ್ಲಿ ಹದಿನೈದು ಸಾವಿರ ತೆಗೆಯಿರಿ. ಮೇಲುಕೋಟೆಯಲ್ಲಿ ಒಂದು ರಾತ್ರಿ ತಂಗಿ, ಸಂಜೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ಕುಳಿತುಕೊಳ್ಳಿ. ಮರುದಿನ ಮೈಸೂರಿಗೆ ಬನ್ನಿ, ಭಾನುವಾರವಾಗಿದ್ದರೆ ರಾತ್ರಿ ಅರಮನೆಯ ದೀಪ ಬೆಳಗುವುದನ್ನು ನೋಡಿ. ಇನ್ನೊಂದು ದಿನ 1258ರ ಸೋಮನಾಥಪುರದ ದೇವಾಲಯವೊಂದೇ, ಇನ್ನೇನೂ ಬೇಡ. ಶಕ್ತಿ ಯೋಜನೆ ಬಂದಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿಮಗೂ ಮಗಳಿಗೂ ಅತ್ತೆಯವರಿಗೂ ಟಿಕೆಟ್ ದುಡ್ಡಿಲ್ಲ. ಆ ಉಳಿತಾಯವನ್ನು ಒಳ್ಳೆಯ ಕೋಣೆಗೆ ಹಾಕಿ. ಉಳಿದ ಇಪ್ಪತ್ತೈದು ಸಾವಿರ ಕಾಶ್ಮೀರದ ಮೊದಲ ಕಂತಾಗಿ ಬ್ಯಾಂಕಿನಲ್ಲಿರಲಿ.

ಒಂದೇ ಒಂದು ಸಂದರ್ಭದಲ್ಲಿ ಈ ಸಾವಧಾನವನ್ನೆಲ್ಲ ಬದಿಗಿಡುತ್ತೇನೆ. ಪ್ರಶ್ನೆಯಲ್ಲಿ ಅತ್ತೆಯವರ ಹೆಸರು ಬಂತು, ಅವರ ಆಸೆ ಬರಲಿಲ್ಲ. ಮಕ್ಕಳ ಹಿಮ ಎರಡು ವರ್ಷ ಕಾಯುತ್ತದೆ, ಎಪ್ಪತ್ತರ ಮಂಡಿಗಳು ಕಾಯುವುದಿಲ್ಲ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿಯೂ 2020ರಿಂದ ಇಲ್ಲ. ಆದರೂ ಮೈಸೂರಿನಿಂದ ವಾರಾಣಸಿಗೆ ನೇರ ರೈಲಿದೆ, ರಾಜ್ಯ ಸರ್ಕಾರದ ಸಹಾಯಧನದ ಕಾಶಿ ಯಾತ್ರೆಯ ರೈಲು 2022ರ ನವೆಂಬರ್‌ನಲ್ಲಿ ಆರಂಭವಾಗಿದೆ, ಮುಂದಿನದು ಯಾವಾಗ ಎಂದು ವಿಚಾರಿಸಬಹುದು. ಬಹುಶಃ ಅವರಿಗೆ ಕಾಶಿಯೇ ಬೇಡವಾಗಿರಬಹುದು. ತಾವು ಹುಟ್ಟಿದ ಊರಿನ ಹಬ್ಬಕ್ಕೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಬೇಕು ಎಂದಿರಬಹುದು. ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಕೇಳಿ. ಅಷ್ಟು ದೂರ ನಿಮ್ಮಿಂದ ಆಗುತ್ತದೆಯೇ ಎಂದು ಕೇಳಬೇಡಿ, ಆಗುವುದಿಲ್ಲ ಎಂದುಬಿಡುತ್ತಾರೆ. ನಿಮಗೆ ಎಲ್ಲಿಗೆ ಹೋಗಬೇಕೆಂದಿದೆ ಎಂದು ಕೇಳಿ.