ಪ್ರದರ್ಶಕರ ಹಕ್ಕು

ದಾವಣಗೆರೆಯ ಚಿತ್ರಮಂದಿರಗಳಲ್ಲಿ ‘ಪ್ರದರ್ಶಕರು’ ಎಂದರೆ ಮಂದಿರದ ಮಾಲೀಕರು. ನಿರ್ಮಾಪಕ, ವಿತರಕ, ಪ್ರದರ್ಶಕ ಎಂಬುದು ಚಿತ್ರರಂಗದ ವಾಡಿಕೆ. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಮಾತಿನಲ್ಲಿ ಮಾತ್ರ ಪ್ರದರ್ಶಕರೆಂದರೆ ಕಲೆ ತೋರಿಸುವವರೇ: ನಟ, ಗಾಯಕಿ, ವಾದ್ಯಗಾರ, ಜಾದೂಗಾರ, ಉಪನ್ಯಾಸ ಕೊಡುವವರು. ಕಲಂ 2ರ ಪಟ್ಟಿಯಲ್ಲಿ ಹಾವಾಡಿಗರೂ ಇದ್ದಾರೆ.

1957ರ ಮೂಲ ಕಾಯ್ದೆಯಲ್ಲಿ ಇವರಿಗೆ ಹಕ್ಕೇ ಇರಲಿಲ್ಲ. 1994ರ ತಿದ್ದುಪಡಿ ಅದನ್ನು ಕೊಟ್ಟಿತು, 2012ರದ್ದು ಗಟ್ಟಿ ಮಾಡಿತು.

ನಾಯಕನಹಟ್ಟಿ ಜಾತ್ರೆಯಲ್ಲಿ ಒಬ್ಬ ಗಾಯಕಿ ಹಳೆಯ ತತ್ವಪದ ಹಾಡುತ್ತಾರೆ ಎನ್ನಿ. ಪದ ಕಟ್ಟಿದವರು ತೀರಿಕೊಂಡು 60 ವರ್ಷ ದಾಟಿದ್ದರೆ ಸಾಹಿತ್ಯ ಎಲ್ಲರದು. ಆದರೆ ಅಂದು ಗಾಯಕಿ ಹಾಡಿದ್ದು ಅವರದೇ. 2025ರಲ್ಲಿ ಹಾಡಿದ್ದರೆ ಆ ಹಕ್ಕು 2075ರ ಡಿಸೆಂಬರ್ 31ರವರೆಗೆ ಇರುತ್ತದೆ. ಮನೆಯಲ್ಲಿ ಕೇಳಲು ಮೊಬೈಲಿನಲ್ಲಿ ಹಿಡಿದುಕೊಂಡರೆ ತಪ್ಪಿಲ್ಲ. ಅವರ ಒಪ್ಪಿಗೆ ಪಡೆಯದೆ ಯೂಟ್ಯೂಬಿಗೆ ಹಾಕಿದರೆ ಕಲಂ 38ಎ ಅಡ್ಡ ಬರುತ್ತದೆ. ಹಾಡಿದವರ ಹೆಸರು ಹೇಳಬೇಕು, ಅವರ ಮಾನಕ್ಕೆ ಕುಂದು ಬರುವಂತೆ ಹಾಡನ್ನು ತಿರುಚಬಾರದು ಎನ್ನುವುದು 38ಬಿ.

ಎಡವುವುದು ಸಾಮಾನ್ಯವಾಗಿ ರಸೀದಿಯಲ್ಲಿ. ಸಂಭಾವನೆ ಕೊಟ್ಟ ಮಾತ್ರಕ್ಕೆ ಹಕ್ಕು ಕೈಬದಲಾಗುವುದಿಲ್ಲ. ವರ್ಗಾವಣೆ ಬರಹದಲ್ಲಿರಬೇಕು, ಕಲಾವಿದರ ಸಹಿ ಬೇಕು, ರಾಯಧನದ (ರಾಯಲ್ಟಿ) ಲೆಕ್ಕ ಕಾಣಿಸಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಲಂ 19 ತಾನೇ ತುಂಬಿಕೊಳ್ಳುತ್ತದೆ. ಸಿನಿಮಾದಲ್ಲಿ ನಟಿಸಲು ಲಿಖಿತ ಒಪ್ಪಿಗೆ ಕೊಟ್ಟವರು ನಿರ್ಮಾಪಕರನ್ನು ತಡೆಯಲಾರರು, ಆದರೆ ವಾಣಿಜ್ಯ ಬಳಕೆಗೆ ರಾಯಧನ ಕೇಳಬಹುದು. ಇದು ಗೊತ್ತಿಲ್ಲದೆ ಬಿಟ್ಟುಕೊಟ್ಟವರೇ ಹೆಚ್ಚು.

ಈಗಿನ ತೊಡಕು ಕೃತಕ ಬುದ್ಧಿಮತ್ತೆಯದು. ಈ ಹಕ್ಕು ಕಾಯುವುದು ಹಾಡಿದ ಆ ಹಾಡನ್ನು, ಕಂಠವನ್ನಲ್ಲ. ಯಂತ್ರಕ್ಕೆ ಗಾಯಕಿಯ ದನಿ ಕಲಿಸಲು ಆ ಧ್ವನಿಮುದ್ರಣವನ್ನು ಕಂಪ್ಯೂಟರಿನಲ್ಲಿ ಪ್ರತಿ ಮಾಡಿ ಇಟ್ಟುಕೊಂಡರೆ 38ಎ ಹಿಡಿಯಬಹುದು, ಏಕೆಂದರೆ ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸುವುದೂ ಅಲ್ಲಿ ಹಕ್ಕಿನ ಭಾಗ. ಯಂತ್ರ ಅದೇ ದನಿಯಲ್ಲಿ ಹೊಸ ಹಾಡು ಹಾಡಿದರೆ? ಅಲ್ಲಿ ಅವರು ಹಾಡಿದ್ದೇ ಇಲ್ಲ, ಹಾಗಾಗಿ ಈ ಹಕ್ಕು ಮುಟ್ಟುವುದು ಕಷ್ಟ. ಹಿಂದಿ ಸಿನಿಮಾ ಗಾಯಕ ಅರಿಜಿತ್ ಸಿಂಗ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2024ರಲ್ಲಿ ದನಿ ನಕಲನ್ನು ತಡೆದದ್ದು ವ್ಯಕ್ತಿತ್ವದ ಹಕ್ಕಿನ, ಅಂದರೆ ಒಬ್ಬರ ಹೆಸರು, ಮುಖ, ದನಿಯನ್ನು ಅವರ ಒಪ್ಪಿಗೆಯಿಲ್ಲದೆ ಬಳಸದಂತೆ ತಡೆಯುವ ಹಕ್ಕಿನ ಆಧಾರದ ಮೇಲೆ. ಅದು ಹೆಸರಾಂತರಿಗೆ ಸುಲಭವಾಗಿ ಒದಗುತ್ತದೆ; ಜಾತ್ರೆಯ ಗಾಯಕಿ ತನ್ನ ಖ್ಯಾತಿಯನ್ನೇ ಮೊದಲು ಸಾಬೀತುಪಡಿಸಬೇಕಾದೀತು. ಆದ್ದರಿಂದ ಸಹಿ ಹಾಕುವ ಮುನ್ನ ಕರಾರಿನಲ್ಲಿ ಈ ಸಾಲು ಬರೆಸಿಕೊಳ್ಳಿ: ‘ಈ ಧ್ವನಿಮುದ್ರಣವನ್ನು ಯಂತ್ರಕ್ಕೆ ಕಲಿಸಲಿಕ್ಕಾಗಲಿ, ನನ್ನ ದನಿಯ ನಕಲು ತಯಾರಿಸಲಿಕ್ಕಾಗಲಿ ಬಳಸುವಂತಿಲ್ಲ.’