ಮೂಳೆಗೆ ವಿಟಮಿನ್ ಕೆ ಮಾಡುವ ಕೆಲಸ

ಮೂಳೆ ಸಾಂದ್ರತೆ ಕಡಿಮೆಯಾಗಿದೆ ಎಂಬ ವರದಿ ಹಿಡಿದು ಬರುವವರಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ವಿಚಾರ ಸಾಮಾನ್ಯವಾಗಿ ಗೊತ್ತೇ ಇರುತ್ತದೆ. ಈಚೆಗೆ ಹಲವರು ವಿಟಮಿನ್ ಕೆ ಮಾತ್ರೆಯನ್ನೂ ಬರೆದುಕೊಡಿ ಎನ್ನುತ್ತಾರೆ. ಆಗ ನಾನು ಮೊದಲು ವಿವರಿಸುವುದು ಈ ಜೀವಸತ್ವ ಮೂಳೆಯೊಳಗೆ ಮಾಡುವ ಕೆಲಸವನ್ನು, ಏಕೆಂದರೆ ಮಾತ್ರೆಯಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬುದು ಅದರಿಂದಲೇ ತಿಳಿಯುತ್ತದೆ.

ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಈ ಜೀವಸತ್ವವನ್ನು ಗುರುತಿಸಿದ್ದು ಕೊಬ್ಬಿಲ್ಲದ ಆಹಾರ ತಿಂದ ಕೋಳಿಮರಿಗಳಲ್ಲಿ ಕಾಣಿಸಿಕೊಂಡ ರಕ್ತಸ್ರಾವದಿಂದ. ಹೀಗಾಗಿ ದಶಕಗಳ ಕಾಲ ಅದು ರಕ್ತ ಹೆಪ್ಪುಗಟ್ಟಿಸುವ ಜೀವಸತ್ವ ಎಂದಷ್ಟೇ ಹೆಸರಾಗಿತ್ತು. ಆದರೆ ಮೂಳೆಯಲ್ಲೂ ಅದಕ್ಕೆ ಕೆಲಸವಿದೆ. ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳು ಆಸ್ಟಿಯೋಕ್ಯಾಲ್ಸಿನ್ ಎಂಬ ಪ್ರೋಟೀನನ್ನು ತಯಾರಿಸುತ್ತವೆ, ಅದರ ಉತ್ಪಾದನೆಯನ್ನು ವಿಟಮಿನ್ ಡಿ ಪ್ರಚೋದಿಸುತ್ತದೆ. ಆದರೆ ಹಾಗೆ ತಯಾರಾದ ಪ್ರೋಟೀನು ಇನ್ನೂ ಅಪೂರ್ಣ. ಅದರಲ್ಲಿರುವ ಮೂರು ಗ್ಲುಟಾಮಿಕ್ ಆಮ್ಲದ ಘಟಕಗಳಿಗೆ ಒಂದೊಂದು ಕಾರ್ಬಾಕ್ಸಿಲ್ ಗುಂಪು ಸೇರಿದ ಮೇಲೆಯೇ ಅದು ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದು ಮೂಳೆಯ ಖನಿಜ ಹರಳುಗಳಿಗೆ ಅಂಟಿಕೊಳ್ಳಬಲ್ಲದು, ಮತ್ತು ಆ ಗುಂಪನ್ನು ಸೇರಿಸುವ ಕಿಣ್ವ ವಿಟಮಿನ್ ಕೆ ಇಲ್ಲದೆ ಕೆಲಸ ಮಾಡುವುದಿಲ್ಲ. ರಕ್ತನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಶೇಖರಗೊಳ್ಳದಂತೆ ತಡೆಯುವ ಇನ್ನೊಂದು ಪ್ರೋಟೀನಿಗೂ ಇದೇ ಸಂಸ್ಕಾರ ಬೇಕು.

ಇಲ್ಲಿ ರೋಗಿಗಳು ಮಾತ್ರವಲ್ಲ, ವೈದ್ಯರೂ ಮರೆಯುವ ಒಂದು ಅಂಶವಿದೆ. ಸೊಪ್ಪಿನಿಂದ ಬರುವ, ಕೆ1 ಎಂಬ ಬಗೆಯ ವಿಟಮಿನ್ ಕೆ ಬಹುಪಾಲು ಮೊದಲು ಯಕೃತ್ತಿಗೆ ಹೋಗಿ ಹೆಪ್ಪುಗಟ್ಟಿಸುವ ಅಂಶಗಳ ತಯಾರಿಗೆ ಬಳಕೆಯಾಗುತ್ತದೆ. ಆದ್ದರಿಂದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸಹಜವಾಗಿದ್ದವರಲ್ಲಿಯೂ ಅಪೂರ್ಣ ಆಸ್ಟಿಯೋಕ್ಯಾಲ್ಸಿನ್ ಗಣನೀಯ ಪ್ರಮಾಣದಲ್ಲಿ ಕಂಡುಬರಬಹುದು.

ಹಾಗಾದರೆ ಮಾತ್ರೆ ಕೊಟ್ಟರಾಯಿತಲ್ಲ ಎಂದು ತೋರುವುದು ಸಹಜ. ಮಾತ್ರೆಯಿಂದ ಆಸ್ಟಿಯೋಕ್ಯಾಲ್ಸಿನ್ ಪೂರ್ಣಗೊಳ್ಳುವುದು ನಿಜ, ಆದರೆ ಅಷ್ಟರಿಂದಲೇ ಮೂಳೆ ಗಟ್ಟಿಯಾಗುತ್ತದೆ ಎನ್ನಲಾಗದು: ಮುಟ್ಟು ನಿಂತ ಮಹಿಳೆಯರಿಗೆ ದಿನಕ್ಕೆ 5 ಮಿಲಿಗ್ರಾಂ ಕೆ1 ಕೊಟ್ಟು ಕೆನಡಾದಲ್ಲಿ ನಡೆಸಿದ ಅಧ್ಯಯನದಲ್ಲಿ ಮೂಳೆ ಸಾಂದ್ರತೆಯ ಇಳಿಕೆ ತಗ್ಗಲಿಲ್ಲ. ಜಪಾನಿನಲ್ಲಿ ವಿಟಮಿನ್ ಕೆಯ ಇನ್ನೊಂದು ಬಗೆಯಾದ ಕೆ2ರ ಒಂದು ರೂಪವನ್ನು ದಿನಕ್ಕೆ 45 ಮಿಲಿಗ್ರಾಂ ಪ್ರಮಾಣದಲ್ಲಿ ಮೂಳೆ ಸವೆಯುವ ಕಾಯಿಲೆಯಾದ ಆಸ್ಟಿಯೋಪೊರೋಸಿಸ್‌ಗೆ ಔಷಧಿಯಾಗಿಯೇ ಬಳಸುತ್ತಾರೆ. ವಯಸ್ಕರಿಗೆ ಆಹಾರದಿಂದ ದಿನಕ್ಕೆ ಬೇಕೆಂದು ಅಮೆರಿಕದಲ್ಲಿ ನಿಗದಿಪಡಿಸಿರುವುದು ಮಹಿಳೆಯರಿಗೆ 90, ಪುರುಷರಿಗೆ 120 ಮೈಕ್ರೋಗ್ರಾಂ ಮಾತ್ರ. ಹಾಗಾಗಿ ಆರೋಗ್ಯವಂತರಿಗೆ ನಾನು ಹಸಿರು ಸೊಪ್ಪನ್ನು ಸ್ವಲ್ಪ ಎಣ್ಣೆಯೊಂದಿಗೆ ತಿನ್ನಲು ಹೇಳುತ್ತೇನೆ, ಏಕೆಂದರೆ ಇದು ಕೊಬ್ಬಿನೊಂದಿಗೆ ಹೀರಲ್ಪಡುವ ಜೀವಸತ್ವ. ಪಿತ್ತನಾಳದ ಅಡಚಣೆ ಅಥವಾ ಕರುಳಿನ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಕೊರತೆಯನ್ನು ಪ್ರತ್ಯೇಕವಾಗಿಯೇ ಗಮನಿಸಬೇಕಾಗುತ್ತದೆ.

ರಕ್ತ ಹೆಪ್ಪುಗಟ್ಟದಂತೆ ತಡೆಯಲು ಕೊಡುವ ವಾರ್ಫರಿನ್ ಔಷಧಿಯನ್ನು ಸೇವಿಸುವವರ ಬಗ್ಗೆ ನನಗೆ ಹೆಚ್ಚು ಕಾಳಜಿ. ಆ ಔಷಧಿ ವಿಟಮಿನ್ ಕೆಯ ಮರುಬಳಕೆಯನ್ನೇ ತಡೆಯುತ್ತದೆ. ಹೆದರಿ ಸೊಪ್ಪನ್ನು ಪೂರ್ತಿ ಬಿಡುವುದೂ ತಪ್ಪು, ಮೂಳೆಯ ಆಸೆಗೆ ಅಂಗಡಿಯಿಂದ ಕೆ2 ಮಾತ್ರೆ ತಂದು ನುಂಗುವುದು ಅಪಾಯಕಾರಿ. ಅವರು ಪ್ರತಿದಿನ ಸರಿಸುಮಾರು ಒಂದೇ ಪ್ರಮಾಣದ ಸೊಪ್ಪು ತಿನ್ನಬೇಕು, ಆಹಾರಕ್ರಮ ಬದಲಿಸುವ ಮೊದಲೇ ವೈದ್ಯರಿಗೆ ತಿಳಿಸಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಿಕೊಳ್ಳಬೇಕು.